ಕಟ್ಟಿದ್ದು ಸೊನ್ನೆ

ಕಾಮಾಕ್ಷಿಪಾಳ್ಯ, ರಕ್ತಪರೀಕ್ಷೆಯ ಲ್ಯಾಬು, ಮೂರನೇ ಮಹಡಿ.
ರಾತ್ರಿ ಒಂದೂ ಮುಕ್ಕಾಲು.
ಕೆಳಗೆ ಲೇತ್ ಮಷೀನುಗಳು ಮಲಗಿವೆ,
ಮೇಲೆ ನಾನೂ ರೌಟರೂ ಎದ್ದಿದ್ದೇವೆ.
ದೊಡ್ಡಬಳ್ಳಾಪುರದಿಂದ ಫೋನಿನಲ್ಲಿ ಹೊನ್ನಗಂಗಪ್ಪ:
‘ಸುರಂಗ ಹಸಿರು ತೋರಿಸ್ತಿದೆ ಮೇಡಂ,
ರಿಪೋರ್ಟು ಮಾತ್ರ ಒಂದೂ ಬಂದಿಲ್ಲ.’

ಪರದೆಯ ಮೇಲೆ ಎರಡು ಸಾಲು:
ಬಿಚ್ಚಿದ್ದು ನಾನೂರ ಹನ್ನೆರಡು.
ಕಟ್ಟಿದ್ದು ಸೊನ್ನೆ.

ಅಲ್ಲಿಂದ ಬೀಗ ಹಾಕಿ ಕಳಿಸಿದ್ದು ಇಲ್ಲಿ ತೆರೆಯುತ್ತಿದೆ.
ಇಲ್ಲಿಂದ ಹೊರಟದ್ದಕ್ಕೆ ಬೀಗವೇ ಬಿದ್ದಿಲ್ಲ.

ಕಾಟನ್‌ಪೇಟೆಯಲ್ಲಿ ನಾವಿದ್ದ ವಠಾರಕ್ಕೆ
ಹನ್ನೊಂದು ಒಲೆ, ಒಂದೇ ಡೋರ್ ನಂಬರು.
ಊರಿನ ಲೆಕ್ಕಕ್ಕೆ ನಾವೆಲ್ಲ ನಲವತ್ತೇಳು.
ಟೈಲರ್ ಆರೋಗ್ಯಸ್ವಾಮಿ ನಲವತ್ತೇಳು,
ಕಲಾಯಿ ಹಾಕುವ ಖಾದರ್ ಸಾಬರು ನಲವತ್ತೇಳು,
ಸ್ಲೇಟು ಹಿಡಿದು ಹೊಸಿಲ ಮೇಲೆ ಕೂತ ನಾನೂ.
ಯಾರಾದರೂ ಕಾಗದ ಕೊಟ್ಟರೆ ಗಂಗಹನುಮಕ್ಕ
‘ಇಂದ’ ಎಂಬಲ್ಲಿ ಇದ್ದದ್ದನ್ನು ಹೊಡೆದು
ತನ್ನ ದಪ್ಪ ಅಕ್ಷರದಲ್ಲಿ ನಲವತ್ತೇಳು ಎಂದು ಬರೆದು
ಯಾರದೆಂದು ಹಾಲಿನ ಚೀಟಿಯ ಬೆನ್ನಿಗೆ ಗುರುತು ಹಾಕುವಳು.
ಉತ್ತರ ಬಂದಾಗ ಚೀಟಿ ನೋಡಿ
ಬಚ್ಚಲ ಕಟ್ಟೆಯಿಂದಲೇ ಕೂಗು.
ಒಂದು ದಿನ ತಪ್ಪಿದ್ದಿಲ್ಲ.
ಅವಳ ಹೆಸರಿಗೇ ಒಂದು ಕಾಗದ ಬಂದದ್ದನ್ನು
ನಾನಂತೂ ಕಾಣೆ.

ಒಮ್ಮೆ ಖಾದರ್ ಸಾಬರ ಜಮೀನಿನ ಪತ್ರ
ಅರಗಿನ ಮುದ್ರೆ ಸಮೇತ ವಾಪಸು ಬಂತು.
ಲಕೋಟೆಯ ಮೇಲಿನದೆಲ್ಲ ಒಳಗಿನ ಹಾಳೆಯಲ್ಲೂ
ನಕಲು ಮಾಡಿದ್ದರಂತೆ ವಕೀಲರು:
‘ಇಂದ, ಹಿಂದಿನ ಸಾಲು, ಏಳನೇ ಕೋಣೆ.’
ಹೊರಗೆ ನಲವತ್ತೇಳು.
ಕಚೇರಿಯ ಕೆಂಪು ಶಾಯಿ: ತಾಳೆಯಿಲ್ಲ. ತಿದ್ದಲಾಗಿದೆ.
‘ನಾನೇನು ಕದ್ದೆನಾ?’ ಎಂದು ಗಂಗಹನುಮಕ್ಕ
ಆ ಮಧ್ಯಾಹ್ನ ಮುದ್ದೆಗೆ ಕೈ ಹಾಕಲಿಲ್ಲ.
ಆಮೇಲೆ ಯಾರೋ ಹೇಳಿಕೊಟ್ಟರು:
ಮುದ್ರೆ ಹಾಕಿದ್ದನ್ನು ಮುಟ್ಟಬೇಡ,
ಅದರ ಮೇಲೊಂದು ಬಡ ಲಕೋಟೆ ಹಾಕು,
ಅದರ ಮೇಲೆ ಎಷ್ಟು ಬೇಕಾದರೂ ಗೀಚು.

ಆ ಬಡ ಲಕೋಟೆ ಇಲ್ಲಿದೆ.
ನಾಲ್ಕು ಸಾವಿರದ ಐನೂರನೇ ಬಾಗಿಲೂ ತೆರೆದಿದೆ.
ರೆಹಾನಾ ಸೆಂಟ್ರಿಫ್ಯೂಜಿನ ಪಕ್ಕ
ಸ್ಟೂಲಿನ ಮೇಲೆಯೇ ತೂಕಡಿಸುತ್ತಿದ್ದಾಳೆ.
ಹಾಗಾದರೆ ಎಲ್ಲಿ?

ಎರಡನೇ ಚಹಾಕ್ಕೆ ಹೊಳೆಯಿತು. ಸಾಲು. ಯಾರ ಹಿಂದೆ ಯಾರು.
ಈ ಪೆಟ್ಟಿಗೆಯಲ್ಲಿ ಗಂಗಹನುಮಕ್ಕ
ಬೀಗದವನಿಗಿಂತ ಮೊದಲೇ ಕೂತಿದ್ದಾಳೆ!
ಅವನ ಪಟ್ಟಿಯಲ್ಲಿರುವುದು ಕೋಣೆಯ ನಂಬರುಗಳು.
ಅವನ ಮುಂದೆ ಬಂದು ನಿಲ್ಲುವವರೆಲ್ಲ ನಲವತ್ತೇಳು.
‘ನನ್ನವರಲ್ಲ’ ಎಂದು ಬಿಟ್ಟುಬಿಡುತ್ತಾನೆ, ಪಾಪ, ನಿಯಮದಂತೆ.
ಯಾರದೋ ಹಿಮೋಗ್ಲೋಬಿನ್, ಯಾರದೋ ಬಸುರಿನ ಸುದ್ದಿ
ಸಂಜೆಯಿಂದ ಬರಿಮೈಯಲ್ಲಿ ಮಾಗಡಿ ರಸ್ತೆಗೆ ಇಳಿದು
ಮೊದಲ ತಿರುವಿನಲ್ಲೇ ಸತ್ತಿವೆ.
ಇಬ್ಬರೂ ತಪ್ಪಿಲ್ಲ.
ಕೂರಿಸಿದವಳು ನಾನು, ಹೋದ ಮಂಗಳವಾರ.

ಒಂದು ಸಾಲು ಬರೆದೆ:
ದೊಡ್ಡಬಳ್ಳಾಪುರಕ್ಕೆ ಹೊರಟವರ ಹೆಸರು ಹೊಡೆಯಬೇಡ ಅಕ್ಕ,
ಹಾಗೇ ಬಿಡು, ಮುಂದೆ ಬೀಗದವನಿದ್ದಾನೆ.
ಹಳೆಯ ಚೀಟಿ ಹರಿದು ಹಾಕಿದೆ.

ಕಟ್ಟಿದ್ದು ಒಂದು.
ಕಟ್ಟಿದ್ದು ಒಂಬತ್ತು.
‘ಬಂತು ಮೇಡಂ, ಬಂತು, ಪ್ರಿಂಟರ್ ಎದ್ದಿದೆ,’
ಹೊನ್ನಗಂಗಪ್ಪನ ಹಿಂದೆ ಯಾವುದೋ ಮಗ್ಗದ ಸದ್ದು.

ಇನ್ನು ಮಾತಿಲ್ಲದ ಹೊತ್ತು.
ಇಪ್ಪತ್ತು ಸೆಕೆಂಡಿಗೊಮ್ಮೆ ರೌಟರು
ಒಳಗೇನೂ ಇಲ್ಲದ ಒಂದು ಪೊಟ್ಟಣ ಕಳಿಸುತ್ತದೆ,
ನಡುದಾರಿಯ ಯಾರದೋ ಚೀಟಿಯಿಂದ
ನಮ್ಮ ಸಾಲು ಅಳಿಸಿ ಹೋಗದಿರಲೆಂದು.
ಕೆಳಗೆ, ಶೆಟರು ಎಳೆದ ಬೀದಿಯಲ್ಲಿ
ಗೂರ್ಖ ಸಿಳ್ಳೆ ಊದಿದ.
ಸ್ವಲ್ಪ ತಡೆದು, ಆಚೆ ಬೀದಿಯಿಂದ, ಮತ್ತೆ.